ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ: ನನ್ನ ಅನುಭವ

ಸಣ್ಣ ಪತ್ರಿಕೆಗಳು, ಸಾಹಿತ್ಯ ಸಂಘಗಳು ಮತ್ತು ಟ್ರಸ್ಟ್‌ಗಳ ಜಾಲತಾಣಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಹೊಸದಾಗಿ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯ ದರ ಕಡಿಮೆ ಎಂಬುದನ್ನು. ಅದಕ್ಕೆ ಉತ್ತರಿಸುವ ಮೊದಲು, ಅವರ ಡೊಮೇನ್, ಅಂದರೆ ಜಾಲತಾಣದ ವಿಳಾಸ, ಯಾರ ಹೆಸರಿನಲ್ಲಿದೆ, ಅದರ ಖಾತೆ ಯಾರ ಇಮೇಲ್‌ಗೆ ಜೋಡಣೆಯಾಗಿದೆ ಎಂದು ನಾನು ವಿಚಾರಿಸುತ್ತೇನೆ. ಹೋಸ್ಟಿಂಗ್, ಅಂದರೆ ಜಾಲತಾಣದ ಕಡತಗಳನ್ನು ಇರಿಸುವ ಸರ್ವರ್‌ನ ಸೇವೆ, ಕೆಟ್ಟರೆ ಬ್ಯಾಕಪ್‌ನಿಂದ ಬೇರೆ ಸರ್ವರ್‌ನಲ್ಲಿ ಜಾಲತಾಣವನ್ನು ಮತ್ತೆ ನಿಲ್ಲಿಸಬಹುದು. ಡೊಮೇನ್ ಕೈತಪ್ಪಿದರೆ ಓದುಗರು ವರ್ಷಗಳಿಂದ ಬಲ್ಲ ವಿಳಾಸವೇ ಹೋಗುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆ ಕಂಪನಿಗಳಲ್ಲಿ ಇಡಬೇಕು ಮತ್ತು ಬಿಟ್ಟು ಹೊರಡುವವರಿಗೆ ಅಡ್ಡಿಪಡಿಸದ ಕಂಪನಿಯನ್ನೇ ಆರಿಸಬೇಕು ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಉತ್ತರ ಕರ್ನಾಟಕದ ಒಂದು ಸಾಹಿತ್ಯ ಸಂಸ್ಥೆ ತನ್ನ ಹಳೆಯ ಪತ್ರಿಕೆಯ ಸಂಚಿಕೆಗಳನ್ನೆಲ್ಲ ಜಾಲತಾಣದಲ್ಲಿ ಇರಿಸಿಕೊಂಡಿತ್ತು. ಡಾಟ್ ಆರ್ಗ್ ಡೊಮೇನನ್ನು ಜಾಲತಾಣ ರೂಪಿಸಿಕೊಟ್ಟಿದ್ದ ಸಂಸ್ಥೆಯೊಂದು ತನ್ನದೇ ಖಾತೆಯಲ್ಲಿ ನೋಂದಾಯಿಸಿತ್ತು. ಜಾಲತಾಣ ರೂಪಿಸಿದ ಆ ಸಂಸ್ಥೆ ಬಾಗಿಲು ಹಾಕಿದ ಮೇಲೆ ಫೋನಿಗೂ ಪತ್ರಕ್ಕೂ ಉತ್ತರ ಬರುತ್ತಿರಲಿಲ್ಲ. ನೋಂದಣಿ ದಾಖಲೆಯನ್ನು ತೆಗೆದು ನೋಡಿದೆವು. 2018ರಿಂದೀಚೆಗೆ ಇಂತಹ ದಾಖಲೆಗಳಲ್ಲಿ ಮಾಲೀಕರ ಹೆಸರು ಬಹುಮಟ್ಟಿಗೆ ಮರೆಯಾಗಿರುತ್ತದೆ. ಆದರೂ ರಿಜಿಸ್ಟ್ರಾರ್, ಅಂದರೆ ಡೊಮೇನ್ ನೋಂದಾಯಿಸಿಕೊಡುವ ಕಂಪನಿ, ಯಾರು, ಅವಧಿ ಎಂದು ಮುಗಿಯುತ್ತದೆ, ವಿಳಾಸ ಯಾವ ಸರ್ವರ್‌ಗೆ ಸೇರಿದ್ದೆಂದು ತಿಳಿಸುವ ನೇಮ್‌ಸರ್ವರ್‌ಗಳು ಯಾವುವು, ವರ್ಗಾವಣೆಗೆ ಬೀಗ ಹಾಕಲಾಗಿದೆಯೇ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜಾಲತಾಣ ರೂಪಿಸಿದವರು ಕೇವಲ ಮರುಮಾರಾಟಗಾರರಾಗಿದ್ದರು, ನಿಜವಾದ ರಿಜಿಸ್ಟ್ರಾರ್ ಬೇರೊಂದು ದೊಡ್ಡ ಕಂಪನಿ ಎಂಬುದು ನಮಗೆ ತಿಳಿದದ್ದು ಆಗಲೇ. ಸಂಘದ ನೋಂದಣಿ ಪತ್ರ, ಹಳೆಯ ಪಾವತಿ ರಸೀದಿಗಳು ಮತ್ತು ಕಾರ್ಯದರ್ಶಿಗಳ ಸಹಿಯುಳ್ಳ ಮನವಿಯನ್ನು ನೇರವಾಗಿ ಆ ಕಂಪನಿಗೆ ಕಳುಹಿಸಿ, ಹಲವು ಸುತ್ತಿನ ಪತ್ರವ್ಯವಹಾರದ ನಂತರ ಡೊಮೇನನ್ನು ಸಾಹಿತ್ಯ ಸಂಸ್ಥೆಯ ಹೆಸರಿಗೂ ಇಮೇಲ್‌ಗೂ ಬದಲಾಯಿಸಿಕೊಂಡೆವು.

ಈ ಕೆಲಸದಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದು ಬಹಳ ಮುಖ್ಯ. ಡಾಟ್ ಕಾಮ್, ಡಾಟ್ ಆರ್ಗ್‌ನಂತಹ ಡೊಮೇನ್‌ಗಳಿಗೆ ಅನ್ವಯಿಸುವ ಐಕ್ಯಾನ್ (ICANN) ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದ ಪ್ರಕಾರ, ಮಾಲೀಕರ ಹೆಸರು ಅಥವಾ ಇಮೇಲ್ ಬದಲಾದರೆ, ಮೊದಲೇ ವಿನಾಯಿತಿ ಪಡೆದಿರದಿದ್ದಲ್ಲಿ, 60 ದಿನಗಳ ಕಾಲ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಬರುವುದಿಲ್ಲ. ಅವಧಿ ಮುಗಿಯುವ ದಿನ ಹತ್ತಿರವಿದ್ದಾಗ ಇದನ್ನು ಮರೆತರೆ, ಬಿಡಬೇಕೆಂದಿರುವ ಕಂಪನಿಯಲ್ಲಿಯೇ ಮತ್ತೊಂದು ವರ್ಷದ ಹಣ ಕಟ್ಟಬೇಕಾಗುತ್ತದೆ. ಅವಧಿ ಮುಗಿದ ಕೂಡಲೇ ಡೊಮೇನ್ ಸಾಮಾನ್ಯವಾಗಿ ಪರರ ಪಾಲಾಗುವುದಿಲ್ಲ ಎಂಬುದೂ ನಿಜ. ಮೊದಲು ನವೀಕರಿಸಲು ರಿಜಿಸ್ಟ್ರಾರ್ ಕೊಡುವ ಹೆಚ್ಚುವರಿ ಕಾಲಾವಕಾಶ ಇರುತ್ತದೆ, ಡೊಮೇನನ್ನು ಅಳಿಸಿದ ಮೇಲೆ 30 ದಿನಗಳ ಮರಳಿ ಪಡೆಯುವ ಅವಧಿ, ಕೊನೆಗೆ 5 ದಿನಗಳ ಅಳಿಸುವಿಕೆಯ ಹಂತ. ಆದರೆ ಆ 30 ದಿನಗಳಲ್ಲಿ ಡೊಮೇನ್ ಬಿಡಿಸಿಕೊಳ್ಳಲು ಕೇಳುವ ಶುಲ್ಕ ಸಾಮಾನ್ಯ ನವೀಕರಣ ಶುಲ್ಕಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಆದ್ದರಿಂದ ರಿಜಿಸ್ಟ್ರಾರ್ ಆರಿಸುವಾಗ ನಾನು ಮೊದಲ ವರ್ಷದ ದರವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ನವೀಕರಣ ದರ ಮತ್ತು ಮರಳಿ ಪಡೆಯುವ ಶುಲ್ಕ ಎರಡನ್ನೂ ಬರೆದಿಟ್ಟುಕೊಳ್ಳುತ್ತೇನೆ. ವರ್ಗಾವಣೆಗೆ ಬೇಕಾದ ಆಥ್ ಕೋಡ್ ಎಂಬ ಗುಪ್ತ ಸಂಕೇತ ಖಾತೆಯ ಒಳಗೇ ಒಂದು ಗುಂಡಿ ಒತ್ತಿದರೆ ಸಿಗುತ್ತದೆಯೇ ಎಂದೂ ನೋಡುತ್ತೇನೆ. ಕೇಳಿದ 5 ದಿನಗಳೊಳಗೆ ಅದನ್ನು ಒದಗಿಸುವುದು ರಿಜಿಸ್ಟ್ರಾರ್‌ನ ಕರ್ತವ್ಯ. ಅದಕ್ಕಾಗಿ ಫೋನ್ ಮಾಡಿಸಿ, ಬಿಟ್ಟು ಹೋಗದಂತೆ ಮನವೊಲಿಸಲು ಯತ್ನಿಸುವ ಕಂಪನಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಡಾಟ್ ಇನ್ ಡೊಮೇನ್‌ಗಳನ್ನು ನಿಕ್ಸಿ ಎಂಬ ಭಾರತೀಯ ಸಂಸ್ಥೆ ನೋಡಿಕೊಳ್ಳುತ್ತದೆ, ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳ ಪಟ್ಟಿಯೂ ಪ್ರಕಟವಾಗಿದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಕೊನೆಗೊಳ್ಳುವ ವಿಳಾಸವನ್ನೂ ಪಡೆಯಬಹುದು. ಅಂತಹ ವಿಳಾಸ ನಮ್ಮ ಪತ್ರಿಕೆಗಳಿಗೆ ಇರಬೇಕೆಂಬುದು ನನ್ನ ಆಸೆ. ಆದರೆ ಇಮೇಲ್‌ಗೆ ಅದನ್ನು ಎಲ್ಲ ಸೇವೆಗಳೂ ಸರಿಯಾಗಿ ಸ್ವೀಕರಿಸದ ಕಾರಣ, ಅದನ್ನು ಎರಡನೆಯ ವಿಳಾಸವಾಗಿ ಮಾತ್ರ ಇಟ್ಟುಕೊಳ್ಳಲು ಹೇಳುತ್ತೇನೆ.

ಇನ್ನು ಹೋಸ್ಟಿಂಗ್. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಒಂದು ಡೇಟಾ ಸೆಂಟರ್, ಅಂದರೆ ಸರ್ವರ್‌ಗಳನ್ನು ಇರಿಸಿದ್ದ ಕಟ್ಟಡ, ಬೆಂಕಿಗೆ ಪೂರ್ತಿ ಆಹುತಿಯಾಯಿತು. ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿದ್ದ ಅನೇಕ ಗ್ರಾಹಕರಿಗೆ ಯಾವುದೂ ಉಳಿಯಲಿಲ್ಲ. ಅಂದಿನಿಂದ, ಹಣ ಕಟ್ಟುವ ಮೊದಲು ಕಂಪನಿಯ ಸಹಾಯವಾಣಿಗೆ ಎರಡು ಪ್ರಶ್ನೆಗಳನ್ನು ಕಳುಹಿಸುವ ಪದ್ಧತಿ ಇಟ್ಟುಕೊಂಡಿದ್ದೇನೆ: ನಿಮ್ಮ ಬ್ಯಾಕಪ್ ಸರ್ವರ್ ಇರುವ ಕಟ್ಟಡದಲ್ಲೇ ಇದೆಯೇ? ಪೂರ್ಣ ಬ್ಯಾಕಪ್ಪನ್ನು ನಾನೇ ಇಳಿಸಿಕೊಳ್ಳಬಹುದೇ? ಇವನ್ನು ರಾತ್ರಿ ಹತ್ತರ ಮೇಲೆ ಕಳುಹಿಸುತ್ತೇನೆ, ಏಕೆಂದರೆ ಸಹಾಯ ನಿಜಕ್ಕೂ ಬೇಕಾಗುವುದು ಅಂತಹ ಹೊತ್ತಿನಲ್ಲೇ. ನೇರ ಉತ್ತರ ಕೊಡದೆ ಜಾಹೀರಾತಿನ ಮಾತುಗಳನ್ನೇ ಮತ್ತೆ ಕಳುಹಿಸಿದರೆ ಆ ಕಂಪನಿಯ ವಿಚಾರವನ್ನು ಅಲ್ಲಿಗೇ ಬಿಡುತ್ತೇನೆ. ಯಾರ ಬ್ಯಾಕಪ್ ಎಷ್ಟೇ ಚೆನ್ನಾಗಿದ್ದರೂ, ವಾರಕ್ಕೊಂದು ಪ್ರತಿಯನ್ನು ಸಂಸ್ಥೆಯ ಕಚೇರಿಯ ಹಾರ್ಡ್ ಡಿಸ್ಕ್‌ಗೆ ಇಳಿಸಿಯೇ ಇಳಿಸುತ್ತೇನೆ.

ಶೇಕಡ 99.9ರಷ್ಟು ಹೊತ್ತು ಜಾಲತಾಣ ಲಭ್ಯವಿರುತ್ತದೆ ಎಂಬ ಭರವಸೆಯ ಅರ್ಥ, ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಂತರೂ ಅದು ಒಪ್ಪಂದದ ಒಳಗೇ ಇದೆ ಎಂದು. ಅದಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾಗಿರುವುದು ಅನ್‌ಲಿಮಿಟೆಡ್ ಎಂಬ ಮಾತಿನ ಬಗ್ಗೆ. ಜಾಗಕ್ಕೆ ಮಿತಿಯಿಲ್ಲ ಎನ್ನುವ ಕಂಪನಿಗಳು ಕಡತಗಳ ಸಂಖ್ಯೆಗೆ, ಅಂದರೆ ಐನೋಡ್‌ಗಳಿಗೆ, ಷರತ್ತುಗಳ ಪುಟದಲ್ಲಿ ಮಿತಿ ಹಾಕಿರುತ್ತವೆ. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ, ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ಏರಿಸಿದರೆ, ಅದು ಪ್ರತಿ ಚಿತ್ರಕ್ಕೂ ಬೇರೆ ಬೇರೆ ಅಳತೆಯ ಹಲವು ಪ್ರತಿಗಳನ್ನು ತಾನೇ ಮಾಡಿಕೊಳ್ಳುತ್ತದೆ. ಜಾಗ ಧಾರಾಳವಾಗಿ ಉಳಿದಿರುವಾಗಲೇ ಕಡತಗಳ ಮಿತಿ ಮುಗಿದು ಹೊಸ ಸಂಚಿಕೆ ಏರದೆ ನಿಲ್ಲುತ್ತದೆ. ಹಾಗಾಗಿ ಮೇಲೆ ಹೇಳಿದ ಸಾಹಿತ್ಯ ಸಂಸ್ಥೆಗೆ, ಹಲವರ ಜಾಲತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ ಹೋಸ್ಟಿಂಗ್ ಬೇಡವೆಂದು ನಿರ್ಧರಿಸಿ, ಬೆಂಗಳೂರಿನಲ್ಲಿ ಡೇಟಾ ಸೆಂಟರ್ ಇರುವ ಕಂಪನಿಯಿಂದ ಸಣ್ಣದೊಂದು ವರ್ಚುವಲ್ ಸರ್ವರ್, ಅಂದರೆ ದೊಡ್ಡ ಸರ್ವರ್‌ನಲ್ಲಿ ನಮಗೇ ಮೀಸಲಾದ ಒಂದು ಭಾಗ, ತೆಗೆದುಕೊಂಡೆವು. ಓದುಗರಲ್ಲಿ ಹೆಚ್ಚಿನವರು ಕರ್ನಾಟಕದವರೇ ಆದ್ದರಿಂದ ಪುಟಗಳು ಬೇಗ ತೆರೆದುಕೊಳ್ಳುತ್ತವೆ.

ಕನ್ನಡ ಜಾಲತಾಣವನ್ನು ಹೊಸ ಸರ್ವರ್‌ಗೆ ಸಾಗಿಸುವಾಗ ಬರುವ ತೊಡಕುಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ಸಂಸ್ಥೆಯ ಹಳೆಯ ಡೇಟಾಬೇಸ್‌ನ ಕೋಷ್ಟಕಗಳು ಲ್ಯಾಟಿನ್-1 (ಪಾಶ್ಚಾತ್ಯ ಭಾಷೆಗಳ ಅಕ್ಷರಸಂಕೇತ ಪದ್ಧತಿ) ಎಂದು ಗುರುತಾಗಿದ್ದವು, ಒಳಗಿದ್ದ ಪಠ್ಯ ಮಾತ್ರ ಯೂನಿಕೋಡ್ ಕನ್ನಡ. ಹಾಗೆಯೇ ನಕಲು ಮಾಡಿದರೆ ಲೇಖನಗಳ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲುಗಳು ಕಾಣುತ್ತವೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. 255 ಅಕ್ಷರಗಳ ಅಂಕಣ ಎಂದುಕೊಂಡಿದ್ದ ಶೀರ್ಷಿಕೆಯ ಜಾಗದಲ್ಲಿ ಇದ್ದದ್ದು 255 ಬೈಟ್‌ಗಳು, ಹಾಗಾಗಿ ನಿಜಕ್ಕೂ ಹಿಡಿಯುತ್ತಿದ್ದದ್ದು 85 ಸಂಕೇತಗಳು ಮಾತ್ರ. ಒತ್ತಕ್ಷರಗಳೂ ಸ್ವರಚಿಹ್ನೆಗಳೂ ಸೇರಿದರೆ ಉದ್ದನೆಯ ಶೀರ್ಷಿಕೆಗಳು ಮಧ್ಯದಲ್ಲೇ ತುಂಡಾಗಿದ್ದವು. ಅವುಗಳನ್ನು ಮುದ್ರಿತ ಸಂಚಿಕೆಗಳ ಪರಿವಿಡಿಯೊಂದಿಗೆ ಹೋಲಿಸಿ ಕೈಯಿಂದಲೇ ತಿದ್ದಿದೆವು. ಪರೀಕ್ಷೆಗೆಂದು ನಾನು ಕೆಲವು ಪದಗಳನ್ನು ಇಟ್ಟುಕೊಂಡಿದ್ದೇನೆ: ‘ಸಂಸ್ಕೃತಿ’ ಸರಿಯಾಗಿ ಮೂಡಬೇಕು, ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಬಾರದು. ಎರಡನೆಯದು ಕೆಟ್ಟಿದ್ದರೆ, ಅಕ್ಷರಗಳನ್ನು ಬೇರ್ಪಡಿಸುವ ಅದೃಶ್ಯ ಸಂಕೇತ ದಾರಿಯಲ್ಲಿ ಎಲ್ಲೋ ಕಳಚಿಹೋಗಿದೆ ಎಂದು ತಿಳಿಯಬೇಕು.

ಡಿಎನ್‌ಎಸ್, ಅಂದರೆ ಡೊಮೇನನ್ನು ಸರ್ವರ್‌ಗೆ ಜೋಡಿಸುವ ದಾಖಲೆ, ಬದಲಾಯಿಸುವ ಹಿಂದಿನ ದಿನ ಟಿಟಿಎಲ್ ಅನ್ನು, ಅಂದರೆ ಹಳೆಯ ದಾಖಲೆಯನ್ನು ಇತರ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿದ್ದೆವು. ಬೆಳಿಗ್ಗೆ ವಿಳಾಸ ಬದಲಾಯಿಸಿದ ಸ್ವಲ್ಪ ಹೊತ್ತಿನಲ್ಲೇ ಬಹುತೇಕ ಓದುಗರು ಹೊಸ ಸರ್ವರ್‌ಗೆ ಬರತೊಡಗಿದರು. ಹಳೆಯ ಹೋಸ್ಟಿಂಗನ್ನು ಆ ಕೂಡಲೇ ರದ್ದು ಮಾಡದೆ ಕೆಲವು ವಾರ ಉಳಿಸಿಕೊಂಡೆವು. ಇಮೇಲ್ ಸೇವೆಯನ್ನು ಹೋಸ್ಟಿಂಗ್‌ನಿಂದ ಬೇರ್ಪಡಿಸಿದ್ದರಿಂದ ಸಂಪಾದಕರ ಅಂಚೆಗೆ ಯಾವ ತೊಂದರೆಯೂ ಆಗಲಿಲ್ಲ.

ಪಾವತಿಯ ವಿಷಯದಲ್ಲಿ ನಮ್ಮ ದೇಶದ ನಿಯಮಗಳನ್ನು ಗಮನಿಸಲೇಬೇಕು. ಕಾರ್ಡಿನಿಂದ ಆಗಾಗ ತಾನಾಗಿ ಹಣ ಕಡಿತವಾಗಲು ಗ್ರಾಹಕರ ಅನುಮತಿ ಕಡ್ಡಾಯಗೊಳಿಸುವ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ವಿದೇಶಿ ಕಂಪನಿಗಳು ಕಾರ್ಡಿನಿಂದ ತಾವಾಗಿಯೇ ಹಣ ಪಡೆಯುವ ಏರ್ಪಾಡು ಅನೇಕ ಕಡೆ ವಿಫಲವಾಯಿತು. ಆಟೋ ರಿನ್ಯೂವಲ್ ಚಾಲೂ ಇದೆ ಎಂದು ನಿಶ್ಚಿಂತೆಯಿಂದ ಇರುವುದು ಈ ಕಾರಣಕ್ಕೆ ಸುರಕ್ಷಿತವಲ್ಲ. ಯುಪಿಐ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ರೂಪಾಯಿಯಲ್ಲಿ ಹಣ ಪಡೆದು, ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ ಕೊಡುವ ಕಂಪನಿ ಲೆಕ್ಕಪರಿಶೋಧನೆಯ ಹೊತ್ತಿಗೆ ಅನುಕೂಲಕರ. ಜಿಎಸ್‌ಟಿ ನೋಂದಣಿ ಇಲ್ಲದ ಸಂಘಗಳಿಗೆ ಶೇಕಡ 18ರ ತೆರಿಗೆ ಮರಳಿ ಬರುವುದಿಲ್ಲವಾದ್ದರಿಂದ, ದರ ಹೋಲಿಸುವಾಗ ಅದನ್ನೂ ಸೇರಿಸಿಯೇ ನೋಡಬೇಕು. ಈ ಸಂಸ್ಥೆಯ ಡೊಮೇನನ್ನು ಐದು ವರ್ಷಕ್ಕೆ ಒಟ್ಟಿಗೆ ನವೀಕರಿಸಿದ್ದೇವೆ. ಹೋಸ್ಟಿಂಗ್ ಹಣವನ್ನು ಮಾತ್ರ ತಿಂಗಳು ತಿಂಗಳು ಕಟ್ಟುತ್ತೇವೆ. ಖಾತೆಯ ಇಮೇಲ್ ಈಗ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರಿಗೂ ತಲುಪುತ್ತದೆ, ಪದಾಧಿಕಾರಿಗಳು ಬದಲಾದಾಗ ಅದರ ಪಾಸ್‌ವರ್ಡನ್ನು ಬ್ಯಾಂಕ್ ಸಹಿಯ ಜೊತೆಗೇ ಹಸ್ತಾಂತರಿಸಬೇಕೆಂದು ಕಾರ್ಯಕಾರಿ ಸಮಿತಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿದೆ.