ಟ್ಯಾಬ್ ಬೇರೆ, ಸಿಮ್ ಬೇರೆ: ಕಂತು, ಪ್ಲಾನುಗಳ ಹೊರೆ ಇಳಿಸುವುದು ಹೇಗೆ?

ಜೂನ್ ಬಂತೆಂದರೆ ಮಂಗಳೂರಿನ ಹಂಪನಕಟ್ಟೆಯಿಂದ ಮಣಿಪಾಲದವರೆಗೆ ಮೊಬೈಲ್ ಅಂಗಡಿಗಳಲ್ಲಿ ಟ್ಯಾಬ್ ಕೇಳುವವರು ಹೆಚ್ಚು. ಸಿಮ್ ಹಾಕುವ ಟ್ಯಾಬ್, ಅದಕ್ಕೊಂದು ಪೋಸ್ಟ್‌ಪೇಯ್ಡ್ ಸಂಪರ್ಕ, ಎಲ್ಲಕ್ಕೂ ಸೇರಿ ತಿಂಗಳ ಕಂತು ಎಂದು ಒಂದೇ ಕಟ್ಟು ಮುಂದಿಟ್ಟರೆ ಅದನ್ನು ಬಿಚ್ಚಿ ನೋಡದೆ ಸಹಿ ಹಾಕಬೇಡಿ. ದುಡ್ಡು ಸೋರುವುದೇ ಅಲ್ಲಿ.

ಮೊದಲ ಪ್ರಶ್ನೆ, ಟ್ಯಾಬಿಗೆ ಸಿಮ್ ಬೇಕೇ? 2025ರಲ್ಲಿ ಬಂದ 128 ಜಿಬಿ ಐಪ್ಯಾಡ್ ಬಿಡುಗಡೆಯಾದಾಗ ವೈಫೈ ಮಾದರಿಗೆ 34,900 ರೂಪಾಯಿ, ಮೊಬೈಲ್ ಸಂಪರ್ಕ ಇರುವುದಕ್ಕೆ 49,900. ಪರದೆ, ಚಿಪ್ ಎಲ್ಲ ಒಂದೇ. ಕೈಯಲ್ಲಿ ಹೇಗೂ ಫೋನ್ ಇರುವವರಿಗೆ ಈ 15,000 ದಂಡ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಟ್ಯಾಬಿಗೆ ಕೊಟ್ಟರೆ ಸಾಕು. 480ಪಿ ಗುಣಮಟ್ಟದಲ್ಲಿ ಒಂದು ಗಂಟೆ ಪಾಠದ ವಿಡಿಯೊಗೆ ಸುಮಾರು ಅರ್ಧ ಜಿಬಿ ಬೇಕು, ದಿನಕ್ಕೆ 1.5 ಜಿಬಿ ಪ್ಲಾನಿನಲ್ಲಿ ಎರಡು ಗಂಟೆ ಆರಾಮ. ಡೇಟಾ ಬೇಗ ಮುಗಿಯುತ್ತಿದೆ ಎಂದರೆ ಪಾಠಕ್ಕಿಂತ ಹೆಚ್ಚಾಗಿ ಆ್ಯಪ್‌ಗಳು ತಾವಾಗಿ ಅಪ್‌ಡೇಟ್ ಆಗುವುದೇ ಕಾರಣ. ವೈಫೈ ಎಂದು ಭಾವಿಸಿ ಟ್ಯಾಬ್ ಎಲ್ಲವನ್ನೂ ಇಳಿಸಿಕೊಳ್ಳುತ್ತದೆ. ಐಪ್ಯಾಡಿನಲ್ಲಾದರೆ ಆ ಹಾಟ್‌ಸ್ಪಾಟಿಗೆ 'ಲೋ ಡೇಟಾ ಮೋಡ್' ಒತ್ತಿ, ಆಂಡ್ರಾಯ್ಡಿನಲ್ಲಾದರೆ ಅದನ್ನು 'ಮೀಟರ್ಡ್' (ಮಿತಿ ಇರುವ ಡೇಟಾ) ಎಂದು ಗುರುತಿಸಿ.

ಒಂದು ವಿನಾಯಿತಿ ಉಂಟು. ಐಪ್ಯಾಡಿನ ವೈಫೈ ಮಾದರಿಯಲ್ಲಿ ಜಿಪಿಎಸ್ ಇಲ್ಲ. ಮಲ್ಪೆಯಿಂದ ಬೋಟಿನಲ್ಲಿ ಹೋಗುವವರಿಗೆ, ಜಾಗದ ಸರ್ವೆ ಮಾಡುವವರಿಗೆ ಟ್ಯಾಬಿನಲ್ಲೇ ನಕ್ಷೆ ಬೇಕಾದರೆ ಮೊಬೈಲ್ ಸಂಪರ್ಕದ ಮಾದರಿಯೇ ಸರಿ.

ಇನ್ನು ಕ್ರೆಡಿಟ್ ಕಾರ್ಡಿನ 'ನೋ ಕಾಸ್ಟ್ ಇಎಂಐ', ಅಂದರೆ ಬಡ್ಡಿಯಿಲ್ಲ ಎನ್ನುವ ಕಂತು. 30,000 ರೂಪಾಯಿಯ ಟ್ಯಾಬ್, ತಿಂಗಳಿಗೆ 2,500ರಂತೆ 12 ಕಂತು. ಬಡ್ಡಿ ವರ್ಷಕ್ಕೆ ಶೇ 16 ಎಂದಿಟ್ಟುಕೊಂಡರೆ ಅಸಲು ಸುಮಾರು 27,550, ಬಡ್ಡಿ ಸುಮಾರು 2,450. ಬಡ್ಡಿಯಷ್ಟನ್ನು ಬೆಲೆಯಲ್ಲಿ ಇಳಿಸುತ್ತಾರೆ, ಆದರೆ ಅದರ ಮೇಲಿನ ಶೇ 18 ಜಿಎಸ್‌ಟಿ, ಅಂದರೆ ಸುಮಾರು 440 ರೂಪಾಯಿ, ನಿಮ್ಮ ತಲೆಗೆ. ಪ್ರೊಸೆಸಿಂಗ್ ಫೀ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 675. ಆದ್ದರಿಂದ ಕಂತಿನ ಮಾತು ತೆಗೆಯುವ ಮೊದಲೇ 'ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ?' ಎಂದು ಕೇಳಿ. ಆ ಉತ್ತರಕ್ಕೂ 30,675ಕ್ಕೂ ಇರುವ ಅಂತರವೇ ಕಂತಿನ ನಿಜವಾದ ಬೆಲೆ.

ಪ್ರೀಪೇಯ್ಡ್‌ನವರು ದಿನ ಎಣಿಸಿ. 28 ದಿನದ ಪ್ಲಾನಾದರೆ ವರ್ಷಕ್ಕೆ 13 ಸಲ ರೀಚಾರ್ಜ್. 30 ದಿನದ ಪ್ಲಾನ್ ಒಂದನ್ನಾದರೂ ಪ್ರತಿ ಕಂಪನಿ ಇಟ್ಟಿರಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲೇ ಆದೇಶಿಸಿದೆ. ಅದನ್ನೇ ಹೆಸರು ಹಿಡಿದು ಕೇಳಿ.

ದುಬಾರಿ ಸಂಪರ್ಕದಿಂದ ಹೊರಬರಲು ನಂಬರ್ ಬಿಡಬೇಕಿಲ್ಲ, ಪೋರ್ಟ್ ಮಾಡಿ, ಅಂದರೆ ಅದೇ ನಂಬರಿನಲ್ಲಿ ಬೇರೆ ಕಂಪನಿಗೆ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. 'PORT' ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಎಂಟು ಅಕ್ಷರ-ಅಂಕಿಗಳ ಕೋಡ್ ಬರುತ್ತದೆ. ಅದರ ಆಯುಸ್ಸು ನಾಲ್ಕೇ ದಿನ. ಅಷ್ಟರೊಳಗೆ ಹೊಸ ಕಂಪನಿಯ ಮಳಿಗೆಗೆ ಗುರುತಿನ ಚೀಟಿ ಸಹಿತ ಹೋಗಿ. ಕೆಲಸದ ಮೂರು ದಿನದಲ್ಲಿ ಮುಗಿಯುತ್ತದೆ. ತಲಪಾಡಿ ಗಡಿ ದಾಟಿದರೆ ಕೇರಳ ಸರ್ಕಲ್, ಅಂದರೆ ಬೇರೆ ಮೊಬೈಲ್ ಸೇವಾ ವಲಯ. ಮಂಜೇಶ್ವರ, ಕಾಸರಗೋಡಿನ ನಂಬರನ್ನು ಮಂಗಳೂರಿನಲ್ಲಿ ಕರ್ನಾಟಕಕ್ಕೆ ತರಲು ಕೆಲಸದ ಐದು ದಿನ ಹಿಡಿಯುತ್ತದೆ.

ಕೋಡ್ ಬಾರದಿದ್ದರೆ ಕಾರಣ ಹುಡುಕಿ: ಪೋಸ್ಟ್‌ಪೇಯ್ಡ್ ಬಿಲ್ ಬಾಕಿ, ಮುಗಿಯದ ಒಪ್ಪಂದದ ಷರತ್ತು, ಅಥವಾ ಏಳು ದಿನದೊಳಗೆ ಬದಲಿಸಿದ ಸಿಮ್. ಬಿಲ್ ಕಟ್ಟಿದ ಹಣ ಖಾತೆಯಲ್ಲಿ ಕಾಣುವವರೆಗೆ ಕಾದು ಮತ್ತೆ ಕಳಿಸಿ. ಪೋರ್ಟ್ ಆದಮೇಲೂ ಹಳೆಯವರ ಕೊನೆಯ ಬಿಲ್ ಬರುತ್ತದೆ. ಅದನ್ನು ಕಟ್ಟದೆ ಬಿಟ್ಟರೆ ಹೊಸ ಸಂಪರ್ಕವೂ ನಿಂತೀತು. ಪ್ರೀಪೇಯ್ಡ್ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ, ಆದ್ದರಿಂದ ವ್ಯಾಲಿಡಿಟಿ ಮುಗಿಯಲು ಎರಡು ಮೂರು ದಿನ ಇರುವಾಗ ಹೊರಡಿ. ಸಿಮ್ ಬದಲಾಗುವ ಹೊತ್ತಿಗೆ ಒಟಿಪಿ ಬರುವುದಿಲ್ಲ, ಯುಪಿಐ ಮತ್ತೆ ಪರಿಶೀಲನೆ ಕೇಳುತ್ತದೆ. ಕಾಲೇಜು ಫೀಸ್ ಕಟ್ಟುವ ದಿನ ಈ ಕೆಲಸ ಬೇಡ.

ಬಿಲ್ಲಿನಲ್ಲಿ ಕೇಳದ ಸೇವೆಯ ಶುಲ್ಕ ಕಂಡರೆ 198ಕ್ಕೆ ಕರೆ ಮಾಡಿ ದೂರು ಕೊಡಿ, ಎಸ್‌ಎಂಎಸ್‌ನಲ್ಲಿ ಬರುವ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಅಳಿಸಬೇಡಿ. ಪರಿಹಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ. ಟ್ಯಾಬ್ ಅಂಗಡಿಯ ವಿಷಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮೊಬೈಲ್ ಕಂಪನಿಗಳ ವಿರುದ್ಧದ ದೂರನ್ನೂ ಗ್ರಾಹಕ ಆಯೋಗ ಕೇಳಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ನೀವು ಉಡುಪಿಯಲ್ಲಿ ವಾಸವಿದ್ದರೆ ಉಡುಪಿಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ಗಡುವು ಎರಡು ವರ್ಷ. ಜಿಎಸ್‌ಟಿ ಬಿಲ್, ಎಂಆರ್‌ಪಿ ಚೀಟಿ ಇರುವ ಪೆಟ್ಟಿಗೆಯ ಬದಿ, ಅಂಗಡಿಯವರ ವಾಟ್ಸ್‌ಆ್ಯಪ್ ಮಾತು ಮೂರರ ಫೋಟೊವನ್ನೂ ಕೊಂಡ ದಿನವೇ, ಡಾಕೆಟ್ ನಂಬರಿನದನ್ನು ದೂರು ಕೊಟ್ಟ ದಿನವೇ ತೆಗೆದಿಡಿ. ಮಳೆಗಾಲದ ತೇವಕ್ಕೆ ಥರ್ಮಲ್ ಬಿಲ್ಲಿನ ಅಕ್ಷರ ಮಾಸುತ್ತದೆ.