ಟೋಕನ್ ನನ್ನ ಕೈಯಲ್ಲೇ ಇರಬೇಕು: ರಾಯಚೂರಿನ ನಮ್ಮ ವಕೀಲರ ಆಫೀಸಿಗೆ ಡಿಜಿಟಲ್ ಸಹಿ ಬಂದ ಬಗೆ

ಸಿಂಧನೂರಿನ ಒಬ್ಬ ರೈಸ್ ಮಿಲ್ ಸಾವ್ಕಾರರು ನಮ್ಮ ಹಳೆಯ ಕಕ್ಷಿದಾರರು. ಕೊಯಮತ್ತೂರಿನ ಒಂದು ಪಾರ್ಟಿಗೆ ಅಕ್ಕಿ ಕಳಿಸಲು ಅವರಿಗೆ ಕರಾರು ಬೇಕಿತ್ತು. ಕರಾರು ಬರೆದವಳು ನಾನೇ. ಕೊರಿಯರ್‌ನಲ್ಲಿ ಹೋಗಿ ಬರಲು ಒಂದು ವಾರ ಹಿಡಿಯುತ್ತದೆ. ಅಷ್ಟು ದಿನ ಲೋಡ್ ಆದ ಲಾರಿ ನಿಲ್ಲಿಸಿಕೊಳ್ಳಲು ಆಗುತ್ತಾ? ಹಾಗಾಗಿ ಆಗ ಎಲ್ಲರೂ ಮಾಡುತ್ತಿದ್ದುದನ್ನೇ ನಾವೂ ಮಾಡಿದೆವು. ಸಾವ್ಕಾರರು ಬಿಳಿ ಹಾಳೆಯ ಮೇಲೆ ಸಹಿ ಮಾಡಿ, ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿದರು. ನಮ್ಮ ಆಫೀಸಿನಲ್ಲಿ ಅದನ್ನು ಕತ್ತರಿಸಿ, ಕೊನೆಯ ಪುಟದಲ್ಲಿ ಅಂಟಿಸಿ, ಪಿಡಿಎಫ್ ಮಾಡಿ ಕಳಿಸಿದೆವು.

ಅರ್ಧ ಗಂಟೆಯೊಳಗೆ ಆ ಕಡೆಯ ವಕೀಲರ ಫೋನ್ ಬಂತು. "ಮೇಡಂ, ಇದು ಸಹಿಯ ಚಿತ್ರ. ಸಹಿ ಎಲ್ಲಿದೆ?"

ನನಗೆ ಉತ್ತರ ಹೊಳೆಯಲಿಲ್ಲ. ಅಂಟಿಸಿದ ಚಿತ್ರ ಇದ್ದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ, ನಿಜ. ಮಾಹಿತಿ ತಂತ್ರಜ್ಞಾನ ಕಾಯಿದೆ 2000ರ 10ಎ ಕಲಂ ಪ್ರಕಾರ, ಇಮೇಲ್‌ನಲ್ಲಿ ಕುದುರಿದ ಕರಾರನ್ನು ಬರೀ ಇಮೇಲ್‌ನಲ್ಲಿ ಆಯಿತು ಅನ್ನುವ ಕಾರಣಕ್ಕೆ ತಳ್ಳಿಹಾಕಲು ಬರುವುದಿಲ್ಲ. ಆದರೆ ನಾಳೆ ಜಗಳ ಬಂದು "ಆ ಸಹಿ ನಾನು ಹಾಕಿಲ್ಲ, ಯಾರೋ ಅಂಟಿಸಿದ್ದು" ಅಂದರೆ? ಅಂಟಿಸಿದ್ದು ನಮ್ಮ ಆಫೀಸಿನವರೇ ಅಲ್ವಾ. ಕಕ್ಷಿದಾರರ ಪರ ವಾದ ಮಾಡಬೇಕಾದ ನಾವೇ ಸಾಕ್ಷಿ ಕಟಕಟೆ ಹತ್ತಬೇಕಾಗುತ್ತದೆ.

ಅವತ್ತು ರಾತ್ರಿ ಕೂತು ಕಾಯಿದೆಯನ್ನು ಮೊದಲಿನಿಂದ ಓದಿದೆ. ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದು ಬೇರೆ, ಈಗ ಓದಿದ್ದು ಬೇರೆ. 5ನೇ ಕಲಂ ಪ್ರಕಾರ, ಸಹಿ ಇರಬೇಕು ಅಂತ ಕಾನೂನು ಹೇಳುವ ಕಡೆ ಇಲೆಕ್ಟ್ರಾನಿಕ್ ಸಹಿಯೂ ನಡೆಯುತ್ತದೆ. ಆದರೆ ಅದು ಕಾಯಿದೆ ಒಪ್ಪಿದ ವಿಧಾನದ್ದೇ ಆಗಿರಬೇಕು. ನಮ್ಮಂಥವರಿಗೆ ಬಳಕೆಗೆ ಬರುವುದು ಎರಡು ವಿಧಾನ. ಒಂದು, ಸರ್ಕಾರದ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್ ಅವರಿಂದ ಲೈಸೆನ್ಸ್ ಪಡೆದ ಸಂಸ್ಥೆಗಳು ಕೊಡುವ ಸರ್ಟಿಫಿಕೇಟ್. ಅದು ಪೆನ್‌ಡ್ರೈವ್‌ನಂಥ ಯುಎಸ್‌ಬಿ ಟೋಕನ್‌ನಲ್ಲಿ ಬರುತ್ತದೆ. ಇನ್ನೊಂದು, ಆಧಾರ್ ಒಟಿಪಿ ಮೂಲಕ ಮಾಡುವ ಇ-ಸೈನ್.

ನಮ್ಮದು ದೊಡ್ಡ ಊರುಗಳಲ್ಲಿರುವಂಥ ಲಾ ಫರ್ಮ್ ಅಲ್ಲ. ಸೀನಿಯರ್ ಸರ್, ನಾನು, ಒಬ್ಬ ಜೂನಿಯರ್ ಮತ್ತು ಇಪ್ಪತ್ತು ವರ್ಷದಿಂದ ಇರುವ ಗುಮಾಸ್ತರು. ಇಷ್ಟೇ ಜನ. ಮೊದಲ ಟೋಕನ್ ನನ್ನ ಹೆಸರಿನಲ್ಲೇ ಮಾಡಿಸಿದೆ. ಕ್ಲಾಸ್ 3 ಅನ್ನುವ ದರ್ಜೆಯ ಸರ್ಟಿಫಿಕೇಟ್, ಎರಡು ವರ್ಷದ ಅವಧಿ. 2021ರ ಜನವರಿಯಿಂದ ಅದರ ಕೆಳಗಿನ ಕ್ಲಾಸ್ 2 ಕೊಡುವುದನ್ನೇ ನಿಲ್ಲಿಸಿದ್ದಾರೆ. ಪ್ಯಾನ್, ಆಧಾರ್ ಕೊಟ್ಟೆ. ಮೊಬೈಲ್ ಕ್ಯಾಮೆರಾ ಮುಂದೆ ಕೂತು ಹೆಸರು ಹೇಳಿ, ಪ್ಯಾನ್ ಕಾರ್ಡ್ ತೋರಿಸಿ ವಿಡಿಯೋ ಮಾಡಿದೆ. ಟೋಕನ್ ಪೋಸ್ಟ್‌ನಲ್ಲಿ ಬಂತು. ಡ್ರೈವರ್ ಹಾಕಿ, ಪಾಸ್‌ವರ್ಡ್ ಬದಲಿಸಿ, ಸಂಜೆಗೆ ಮೊದಲ ಸಹಿ ಮಾಡಿದೆ. ಇದರಲ್ಲಿ ಕಷ್ಟ ಏನೂ ಇಲ್ಲ.

ಕಷ್ಟ ಇದ್ದದ್ದು ನಮ್ಮ ರೂಢಿಯಲ್ಲಿ. ಯಾವ ವಕೀಲರ ಆಫೀಸಿಗೆ ಬೇಕಾದರೂ ಹೋಗಿ ನೋಡಿ. ರಬ್ಬರ್ ಸ್ಟ್ಯಾಂಪು, ಲೆಟರ್‌ಹೆಡ್ಡು, ಇಂಕ್ ಪ್ಯಾಡು ಎಲ್ಲವೂ ಗುಮಾಸ್ತರ ಡ್ರಾಯರ್‌ನಲ್ಲೇ ಇರುತ್ತವೆ. ನನ್ನ ಟೋಕನ್ ಕೂಡ ವಾರದೊಳಗೆ ಅದೇ ಡ್ರಾಯರ್ ಸೇರಿತು. ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ನಾನೇ ಕೊಟ್ಟಿದ್ದೆ.

ಒಂದು ದಿನ ನನಗೆ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಕೇಸ್ ಇತ್ತು. ಬೆಳಗಿನ ರೈಲಿಗೆ ಹೋಗಿದ್ದೆ. ಆ ದಿನವೇ ಒಂದು ಚೆಕ್ ಬೌನ್ಸ್ ನೋಟಿಸು ಹೋಗಬೇಕಿತ್ತು. ಗುಮಾಸ್ತರು ಫೋನ್ ಮಾಡಿದರು. "ಮೇಡಂ, ನೋಟಿಸು ರೆಡಿ ಐತ್ರಿ. ನಿಮ್ಮ ಸಹಿ ಹಾಕಿ ಕಳಿಸ್ಲೇನ್ರಿ?" ಕೋರ್ಟ್ ಹಾಲ್ ಬಾಗಿಲಲ್ಲಿ ನಿಂತಿದ್ದೆ. ಕಳಿಸಿ ಅಂದೆ. ಅವರು ತೆರೆದದ್ದು ಹಳೆಯ ಡ್ರಾಫ್ಟ್. ಅದರಲ್ಲಿ ಮೊತ್ತದ ಒಂದು ಸೊನ್ನೆ ಬಿಟ್ಟುಹೋಗಿತ್ತು. 4,50,000 ಇರಬೇಕಾದ ಕಡೆ 45,000. ನಾನು ತಿದ್ದಿದ ಪ್ರತಿ ಬೇರೆ ಫೋಲ್ಡರ್‌ನಲ್ಲಿ ಉಳಿದುಬಿಟ್ಟಿತ್ತು.

ಚೆಕ್ ಬೌನ್ಸ್ ಕೇಸ್ ನಡೆಸುವವರಿಗೆ ಇದರ ಬಿಸಿ ಗೊತ್ತಿರುತ್ತದೆ. ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ಅದರಲ್ಲಿ ಕೇಳುವ ಮೊತ್ತ ಚೆಕ್‌ನ ಮೊತ್ತವೇ ಆಗಿರಬೇಕು. ನನ್ನ ಪುಣ್ಯಕ್ಕೆ ಗಡುವಿಗೆ ಇನ್ನೂ 11 ದಿನ ಇತ್ತು. ಮಾರನೇ ದಿನವೇ ಹಳೆಯದನ್ನು ಹಿಂತೆಗೆದುಕೊಂಡಿದ್ದೇವೆ ಅಂತ ಬರೆದು, ಸರಿಯಾದ ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಇಮೇಲ್‌ನಲ್ಲೂ ಕಳಿಸಿದೆ. ಕಕ್ಷಿದಾರರಿಗೆ ನಡೆದದ್ದನ್ನು ಇದ್ದ ಹಾಗೇ ಹೇಳಿದೆ.

ಗುಮಾಸ್ತರ ಮೇಲೆ ನಾನು ಸಿಟ್ಟು ಮಾಡಲಿಲ್ಲ. ತಪ್ಪು ನನ್ನದು. ಪೆನ್ನಿನ ಸಹಿಯಾಗಿದ್ದರೆ ಆ ಹಾಳೆ ನನ್ನ ಕಣ್ಣ ಮುಂದೆ ಬರದೆ ಸಹಿ ಆಗುತ್ತಲೇ ಇರಲಿಲ್ಲ. ಟೋಕನ್ ಕೊಟ್ಟು ನಾನು ನನ್ನ ಕೈಯನ್ನೇ ಇನ್ನೊಬ್ಬರಿಗೆ ಕೊಟ್ಟಂತಾಗಿತ್ತು. ಕಾಯಿದೆಯ 42ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳಿದೆ. ಸಹಿಯ ಕೀಲಿಯನ್ನು, ಅಂದರೆ ಟೋಕನ್ ಒಳಗಿರುವ ಗುಪ್ತ ಸಂಕೇತವನ್ನು, ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವುದು ಸರ್ಟಿಫಿಕೇಟ್ ಪಡೆದವರ ಹೊಣೆ. ಕೀಲಿ ಕೈತಪ್ಪಿದರೆ ತಡಮಾಡದೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗೆ ಆಗುವುದಕ್ಕೆಲ್ಲ ಹೊಣೆ ನಾವೇ. ಇನ್ನೊಬ್ಬರ ಇಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದರೆ 66ಸಿ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಮ್ಮ ಗುಮಾಸ್ತರು ಮೋಸ ಮಾಡುವವರಲ್ಲ. ಆದರೆ ಅಂಥ ಪ್ರಶ್ನೆ ಅವರ ಮೇಲೆ ಬರುವ ಹಾಗೆ ನಾನು ನಡೆದುಕೊಂಡಿದ್ದೆ. ಅದು ನನಗೆ ಬಹಳ ದಿನ ಕೊರೆಯಿತು.

ಅವತ್ತಿನಿಂದ ಟೋಕನ್ ನನ್ನ ಮನೆ ಬೀಗದ ಕೀ ಗೊಂಚಲಿನಲ್ಲಿದೆ. ಜೂನಿಯರ್‌ಗೆ ಅವರದೇ ಟೋಕನ್ ಮಾಡಿಸಿದೆವು. ಇಂಕ್ ಪೆನ್ ಬಿಟ್ಟು ಬೇರೆ ಮುಟ್ಟದ ಸೀನಿಯರ್ ಸರ್ ಕೂಡ ಮೂರು ತಿಂಗಳು ನೋಡಿ, "ನನಗೂ ಒಂದು ಮಾಡಿಸಮ್ಮ" ಅಂದರು. ಗುಮಾಸ್ತರು ಫೈಲ್ ತಯಾರು ಮಾಡುತ್ತಾರೆ. ಕೊನೆಯ ಪಿಡಿಎಫ್‌ನ ಹೆಸರಿನಲ್ಲಿ ತಾರೀಖು ಮತ್ತು 'ಸಹಿಗೆ' ಅಂತ ಸೇರಿಸುತ್ತಾರೆ. ಯಾರ ಸಹಿಯೋ ಅವರೇ ಪೂರ್ತಿ ಓದಿ, ಅವರೇ ಪಾಸ್‌ವರ್ಡ್ ಒತ್ತುತ್ತಾರೆ. ನಾನು ಊರಲ್ಲಿ ಇಲ್ಲದಿದ್ದರೆ ನೋಟಿಸು ಕಾಯುತ್ತದೆ. ಇಲ್ಲವೇ ಸೀನಿಯರ್ ಸರ್ ತಮ್ಮ ಹೆಸರಿನಲ್ಲಿ ಕಳಿಸುತ್ತಾರೆ.

ಇನ್ನು ಕೆಲಸದ ಕ್ರಮ. ಡಿಜಿಟಲ್ ಸಹಿ ಮಾಡಿದಾಗ ಕಂಪ್ಯೂಟರ್ ಇಡೀ ಫೈಲಿನ ಒಂದು ಬೆರಳಚ್ಚು ತೆಗೆಯುತ್ತದೆ. ಅದಕ್ಕೆ ಹ್ಯಾಶ್ ಅನ್ನುತ್ತಾರೆ. ನಮ್ಮ ಕೀಲಿಯಿಂದ ಮುದ್ರೆ ಬೀಳುವುದು ಅದರ ಮೇಲೆ. ಆಮೇಲೆ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಹೊಂದುವುದಿಲ್ಲ. ಇದನ್ನು ಓದಿ ತಿಳಿದಿದ್ದೆ, ಆದರೆ ಮನಸ್ಸಿಗೆ ನಾಟಿದ್ದು ಒಂದು ಬಾಡಿಗೆ ಕರಾರಿನಲ್ಲಿ. ನಾನು ಸಹಿ ಮಾಡಿ ಮುಗಿಸಿದ ಮೇಲೆ ಪುಟಸಂಖ್ಯೆ ಇಲ್ಲ ಅಂತ ಯಾರೋ ಬೇರೊಂದು ಆ್ಯಪ್‌ನಲ್ಲಿ ಸೇರಿಸಿದರು. ತೆರೆದು ನೋಡಿದರೆ ಸಹಿಯ ಮೇಲೆ ಕೆಂಪು ಗುರುತು. ಈಗ ಇ-ಸ್ಟ್ಯಾಂಪ್ ಹಾಳೆ, ಅನುಬಂಧ, ಪುಟಸಂಖ್ಯೆ ಎಲ್ಲವನ್ನೂ ಮೊದಲು ಒಂದೇ ಪಿಡಿಎಫ್‌ಗೆ ಸೇರಿಸುತ್ತೇವೆ. ಸಹಿ ಎಲ್ಲಕ್ಕಿಂತ ಕೊನೆಗೆ. ಡಿಜಿಟಲ್ ಸಹಿ ಮಾಡಿದರೆ ಛಾಪಾ ಶುಲ್ಕ ಬೇಕಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಸಾಕಷ್ಟು ಛಾಪಾ ಶುಲ್ಕ ಇಲ್ಲದ ಪತ್ರವನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲು ಕರ್ನಾಟಕ ಸ್ಟ್ಯಾಂಪ್ ಕಾಯಿದೆ 1957ರ 34ನೇ ಕಲಂ ಅಡ್ಡ ಬರುತ್ತದೆ.

ಇನ್ನೊಂದು ಸಣ್ಣ ಚೌಕ ನಮ್ಮನ್ನು ಎರಡು ದಿನ ಕಾಡಿತು. ಅಡೋಬಿ ರೀಡರ್‌ನಲ್ಲಿ ಸಹಿ ಮಾಡುವಾಗ, ಸಹಿಯ ನಂತರ ದಾಖಲೆ ಲಾಕ್ ಮಾಡಲೇ ಅಂತ ಕೇಳುವ ಚೌಕ ಇರುತ್ತದೆ. ಒಳ್ಳೆಯದೇ ಅಲ್ವಾ ಅಂತ ಟಿಕ್ ಮಾಡಿದೆ. ಎದುರಿನ ಪಾರ್ಟಿಗೆ ಸಹಿ ಮಾಡಲು ಜಾಗವೇ ಸಿಗಲಿಲ್ಲ. ಇಬ್ಬರು ಸಹಿ ಮಾಡುವುದಿದ್ದರೆ ಮೊದಲನೆಯವರು ಅದನ್ನು ಮುಟ್ಟಬಾರದು. ಕೊನೆಯವರು ಬೇಕಾದರೆ ಲಾಕ್ ಮಾಡಲಿ.

ಕೆಲವು ಪಾರ್ಟಿಗಳು ನಾವು ಕಳಿಸಿದ್ದನ್ನು ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಹಾಕಿ, ಸೀಲ್ ಒತ್ತಿ, ಸ್ಕ್ಯಾನ್ ಮಾಡಿ ವಾಪಸ್ ಕಳಿಸುತ್ತಾರೆ. ಹಾಗೆ ಬಂದ ಫೈಲಿನಲ್ಲಿ ನಮ್ಮ ಡಿಜಿಟಲ್ ಸಹಿ ಇರುವುದಿಲ್ಲ. ಇರುವುದು ಅದರ ಚಿತ್ರ ಮಾತ್ರ. ಸಹಿ ಇರುವುದು ಫೈಲಿನಲ್ಲಿ, ಕಾಗದದಲ್ಲಿ ಅಲ್ಲ ಅಂತ ಈಗ ಪ್ರತಿ ಇಮೇಲ್‌ನಲ್ಲೂ ಬರೆಯುತ್ತೇನೆ.

ಸಹಿ ಸರಿಯಿದೆ ಅಂತ ಕಂಪ್ಯೂಟರ್ ತೋರಿಸುವ ಹಸಿರು ಗುರುತಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಆನ್‌ಲೈನ್‌ನಲ್ಲಿ ತೆಗೆದ ಪಹಣಿ, ಇ.ಸಿ. (ಋಣಭಾರ ಪ್ರಮಾಣಪತ್ರ) ಇವಕ್ಕೂ ಡಿಜಿಟಲ್ ಸಹಿ ಇರುತ್ತದೆ. ತೆರೆದಾಗ ಸಹಿಯ ಮೇಲೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಕಾಣಬಹುದು. ನಮ್ಮ ಜೂನಿಯರ್ ಒಮ್ಮೆ ಇದನ್ನು ನೋಡಿ ಇ.ಸಿ. ನಕಲಿ ಅಂತಲೇ ತಿಳಿದಿದ್ದರು. ಆ ಚಿಹ್ನೆಯ ಅರ್ಥ ನಕಲಿ ಅಂತ ಅಲ್ಲ. ಸರ್ಟಿಫಿಕೇಟ್‌ನ ಮೂಲ ಯಾರು ಅನ್ನುವುದು ನಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ, ಅಷ್ಟೇ. ಚಿಹ್ನೆಯ ಮೇಲೆ ಒತ್ತಿ, ಸಹಿಯ ಗುಣಲಕ್ಷಣಕ್ಕೆ ಹೋಗಿ, ಸರ್ಟಿಫಿಕೇಟ್ ತೆರೆದರೆ ಒಂದು ಸರಪಳಿ ಕಾಣುತ್ತದೆ. ಸಹಿ ಮಾಡಿದವರು, ಅವರಿಗೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ, ಎಲ್ಲಕ್ಕಿಂತ ಮೇಲೆ 'ಸಿಸಿಎ ಇಂಡಿಯಾ', ಅಂದರೆ ಮೊದಲು ಹೇಳಿದ ಸರ್ಕಾರದ ಕಂಟ್ರೋಲರ್. ಆ ಮೇಲಿನ ಹೆಸರನ್ನು ಕಣ್ಣಾರೆ ನೋಡಿದ ಮೇಲೆಯೇ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಬೇಕು. ಆಮೇಲೆ ಹಸಿರು ಟಿಕ್ ಬರುತ್ತದೆ. ನೋಡದೆ ಸುಮ್ನೆ ಸೇರಿಸಿಬಿಟ್ಟರೆ ಯಾರೋ ಮನೆಯಲ್ಲೇ ತಯಾರಿಸಿದ ಸರ್ಟಿಫಿಕೇಟ್‌ಗೂ ಹಸಿರು ಬರುತ್ತದೆ. ಇದು ಬಹಳ ಅಪಾಯ.

ಕಕ್ಷಿದಾರರಿಗೆ ಟೋಕನ್ ಕೊಳ್ಳಿ ಅನ್ನಲಾಗುವುದಿಲ್ಲ. ಅವರಿಗೆ ಆಧಾರ್ ಇ-ಸೈನ್. ಮೊಬೈಲಿಗೆ ಬಂದ ಒಟಿಪಿ ಹಾಕಿದರೆ ಆ ಒಂದು ಸಹಿಗಾಗಿ 30 ನಿಮಿಷ ಬಾಳುವ ಸರ್ಟಿಫಿಕೇಟ್ ಹುಟ್ಟುತ್ತದೆ. ಸಹಿ ಆದ ಮೇಲೆ ಕೀಲಿ ನಾಶವಾಗುತ್ತದೆ. ಮಿಲ್ಲಿನವರಿಗೆ, ಹತ್ತಿ ವ್ಯಾಪಾರಿಗಳಿಗೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರಿಗೆ ಇದು ಚೆನ್ನಾಗಿ ಒಗ್ಗಿದೆ.

ಆದರೆ ಮಾನ್ವಿ ಕಡೆಯ ಒಬ್ಬ ತಾಯಿ ಬಂದಿದ್ದರು. ಹೊಲದ ಗುತ್ತಿಗೆ ಹಣ ಕೊಡದವನ ಜೊತೆ ರಾಜಿಯಾಗಿ ಒಂದು ಕರಾರು ಆಗಬೇಕಿತ್ತು. ಒಟಿಪಿ ಯಾವ ನಂಬರಿಗೆ ಬರುತ್ತದೆ ಅಂತ ಕೇಳಿದೆ. "ನನ್ ಮಗ ಬೆಂಗ್ಳೂರಿಗಿ ದುಡ್ಯಾಕ ಹೋಗ್ಯಾನ್ರಿ. ಅವನ ಫೋನಿಗಿ ಬರ್ತದ್ರಿ. ಕೇಳಿ ಹೇಳ್ತೀನ್ರಿ" ಅಂದರು. ಮಗ ಫೋನಿನಲ್ಲಿ ಆರು ಅಂಕಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಆ ಸಹಿ ಯಾರದು? ಕೀಲಿ ತಾಯಿಯ ಕೈಯಲ್ಲಿ ಇರಲಿಲ್ಲ. ಸೊನ್ನೆ ಬಿಟ್ಟುಹೋದ ನನ್ನ ನೋಟಿಸು ನೆನಪಾಯಿತು. ಬೇಡ ಅಂದೆ. ಕರಾರನ್ನು ಪೂರ್ತಿ ಓದಿ ಹೇಳಿ, ಇಬ್ಬರು ಸಾಕ್ಷಿಗಳ ಮುಂದೆ ಕಾಗದದ ಮೇಲೆ ಎಡಗೈ ಹೆಬ್ಬೆಟ್ಟು ಹಾಕಿಸಿದೆ. ಆಮೇಲೆ ಅವರದೇ ನಂಬರನ್ನು ಆಧಾರ್‌ಗೆ ಸೇರಿಸಲು ಗುಮಾಸ್ತರು ಅವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದರು.

ಎಲ್ಲ ಕಾಗದವೂ ಡಿಜಿಟಲ್ ಆಗುವುದಿಲ್ಲ. ಉಯಿಲು, ಟ್ರಸ್ಟ್ ಪತ್ರ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹೊರಗೆ. ಮುಖ್ತಿಯಾರ ಪತ್ರವೂ (ಪವರ್ ಆಫ್ ಅಟಾರ್ನಿ) ಹೊರಗೇ. 2022ರ ತಿದ್ದುಪಡಿಯಲ್ಲಿ ರಿಸರ್ವ್ ಬ್ಯಾಂಕ್‌ನಂಥ ನಿಯಂತ್ರಕರ ಕೆಳಗಿರುವ ಸಂಸ್ಥೆಗಳಿಗೆ ಬರೆದುಕೊಡುವುದಕ್ಕೆ ಮಾತ್ರ ಸಡಿಲಿಕೆ ಸಿಕ್ಕಿದೆ. ಸ್ಥಿರಾಸ್ತಿಯ ಮಾರಾಟ ಕರಾರನ್ನೂ ಅದೇ ತಿದ್ದುಪಡಿ ಆ ಪಟ್ಟಿಯಿಂದ ತೆಗೆದಿದೆ. ಆದರೂ ಖರೀದಿ ಪತ್ರ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಮುಂದೆ ಹೋಗುವುದು ತಪ್ಪಿಲ್ಲ. ವಕಾಲತ್ತನ್ನು ನಾವು ಇವತ್ತಿಗೂ ಕಾಗದದ ಮೇಲೇ ಪಡೆಯುತ್ತೇವೆ.

ಸಹಿಯಾದ ಫೈಲನ್ನು ಅದು ಬಂದ ಇಮೇಲ್ ಸಮೇತ ಇಡುತ್ತೇವೆ. ಅದೇ ದಿನ ಎಸ್‌ಎಚ್‌ಎ-256 ಅನ್ನುವ ವಿಧಾನದಲ್ಲಿ ಹ್ಯಾಶ್ ತೆಗೆದು ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೇಬೇಕು. ಕೇಸ್ ಬಂದಾಗ ಹುಡುಕಾಡುವ ಬದಲು ಮೊದಲೇ ಬರೆದಿಟ್ಟರೆ ಹಗುರ.

ಮುಂದಿನ ತಿಂಗಳು ನನ್ನ ಸರ್ಟಿಫಿಕೇಟ್ ಅವಧಿ ಮುಗಿಯುತ್ತದೆ. ಮತ್ತೆ ವಿಡಿಯೋ, ಮತ್ತೆ ಪ್ಯಾನ್ ಕಾರ್ಡ್. ಅವಧಿಯೊಳಗೆ ಮಾಡಿದ ಸಹಿಗಳಿಗೆ ಅದರಿಂದ ಧಕ್ಕೆ ಇಲ್ಲ. ಆದರೆ ಸಹಿ ಅವಧಿಯೊಳಗೇ ಆಯಿತು ಅಂತ ತೋರಿಸಲು ಬರಬೇಕು. ಅದಕ್ಕೆ ಟೈಮ್‌ಸ್ಟ್ಯಾಂಪ್, ಅಂದರೆ ಹೊರಗಿನ ಸಂಸ್ಥೆ ಹಾಕುವ ಸಮಯದ ಮುದ್ರೆ ಬೇಕು. ಟೈಮ್‌ಸ್ಟ್ಯಾಂಪ್ ಇಲ್ಲದ ಸಹಿಯಲ್ಲಿ ಕಾಣುವ ಸಮಯ ನಮ್ಮ ಕಂಪ್ಯೂಟರಿನ ಗಡಿಯಾರದ್ದು, ಅದನ್ನು ಯಾರು ಬೇಕಾದರೂ ತಿರುಗಿಸಬಹುದು. ಹಾಗಾಗಿ ವರ್ಷಗಟ್ಟಲೆ ಬಾಳಬೇಕಾದ ಕರಾರುಗಳಿಗೆ ಈಗ ಟೈಮ್‌ಸ್ಟ್ಯಾಂಪ್ ಸಮೇತವೇ ಸಹಿ ಮಾಡುತ್ತಿದ್ದೇನೆ. ಹಳೆಯ ಫೈಲುಗಳಲ್ಲಿ ಯಾವುದಕ್ಕೆ ಅದಿಲ್ಲ ಅಂತ ಜೂನಿಯರ್ ಮತ್ತು ಗುಮಾಸ್ತರು ಕೂತು ಪಟ್ಟಿ ಮಾಡುತ್ತಿದ್ದಾರೆ. ಸಿಂಧನೂರಿನ ಸಾವ್ಕಾರರ ಕರಾರು ಆ ಪಟ್ಟಿಯಲ್ಲಿ ಮೂರನೆಯದು.