ಮರಳಿನಲ್ಲಿ ದಾರಿ ಹೇಳುವ ಕೆಲಸ

ಜೈಸಲ್ಮೇರ್ ಕಡೆ ಮರಳುಗಾಡಿನ ಡ್ರೈವಿಂಗ್ ಚಾಲೆಂಜ್‌ಗೆ ಹೋಗಿದ್ದೆ ಅಂದರೆ ಎಲ್ಲರೂ ಮೊದಲು ಕೇಳುವುದು, "ಗಾಡಿ ಯಾರು ಓಡಿಸಿದ್ದು?" ಓಡಿಸಿದ್ದು ನಮ್ಮ ಭಾವ. ನಾನು ಪಕ್ಕದ ಸೀಟಿನಲ್ಲಿದ್ದೆ. ಹಾಗಂದ ಕೂಡಲೇ ಕೇಳಿದವರ ಆಸಕ್ತಿ ಅರ್ಧ ಇಳಿದುಹೋಗುತ್ತದೆ. ಸುಮ್ನೆ ಕೂತು ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಆದರೆ ಇಂಥ ಸ್ಪರ್ಧೆಯಲ್ಲಿ ಗಾಡಿ ಹೂತರೆ ಹೋಗುವುದು ಇಪ್ಪತ್ತು ನಿಮಿಷ, ದಾರಿ ತಪ್ಪಿದರೆ ಅರ್ಧ ದಿನ. ದಾರಿ ಹೇಳುವುದು ಪಕ್ಕದ ಸೀಟಿನವರ ಕೆಲಸ.

ನಮ್ಮ ತೋಟ ಮೂಡಿಗೆರೆ ಹತ್ತಿರ. ಚಿಕ್ಕಮಗಳೂರು ಜಿಲ್ಲೆಗೆ ರ‍್ಯಾಲಿ ಹೊಸದೇನಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ಇಲ್ಲಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ ನಡೆದಿವೆ. ಭಾವ ಕೂಡ ಅಂಥ ರಸ್ತೆಯಲ್ಲೇ ಗಾಡಿ ಕಲಿತವರು. ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಕಟ್ಟಿಕೊಂಡು ಜೀಪ್ ಹತ್ತಿಸುವುದು ಅವರಿಗೆ ಮಾಮೂಲು.

ತಮಾಷೆ ಅಂದ್ರೆ, ಆ ವಿದ್ಯೆ ಮರಳಿನಲ್ಲಿ ಅರ್ಧಕ್ಕರ್ಧ ಉಲ್ಟಾ. ಕೆಸರಿನಲ್ಲಿ ಟೈರಿನ ದಪ್ಪ ಹಲ್ಲು ಮೇಲಿನ ಕೊಚ್ಚೆಯನ್ನು ಕೊರೆದು ಕೆಳಗಿನ ಗಟ್ಟಿ ನೆಲ ಹಿಡಿಯಬೇಕು. ಮರಳುದಿಣ್ಣೆಯಲ್ಲಿ ಕೆಳಗೆ ಗಟ್ಟಿ ನೆಲ ಎಲ್ಲಿಂದ ಬರಬೇಕು? ಕೊರೆದಷ್ಟೂ ಗಾಡಿ ಇಳಿಯುತ್ತದೆ. ಅಲ್ಲಿ ತೇಲಬೇಕು. ಅದಕ್ಕೇ ಟೈರಿನ ಗಾಳಿ ಇಳಿಸುವುದು. ರಸ್ತೆಯಲ್ಲಿ ಗಾಳಿಯ ಒತ್ತಡ 26 ಪಿಎಸ್‌ಐ ಆಸುಪಾಸು ಇರುತ್ತಿದ್ದದ್ದನ್ನು ನಾವು 15–16ಕ್ಕೆ ತಂದೆವು. ಆಗ ಟೈರು ಚಪ್ಪಟೆಯಾಗಿ, ನೆಲಕ್ಕೆ ತಾಗುವ ಜಾಗ ಉದ್ದವಾಗಿ, ಭಾರ ಹರಡುತ್ತದೆ. ಇನ್ನೂ ಇಳಿಸಿದರೆ ಜೋರು ತಿರುವಿನಲ್ಲಿ ಟೈರು ರಿಮ್ ಬಿಟ್ಟು ಬರುವ ಭಯ. ನಮ್ಮದು ಹಳೇ ಪೆಟ್ರೋಲ್ ಮಾರುತಿ ಜಿಪ್ಸಿ. ಶಕ್ತಿ ಕಮ್ಮಿ, ಆದರೆ ಹಗುರ. ಮರಳಿನಲ್ಲಿ ಹಗುರ ಇರುವುದೇ ದೊಡ್ಡ ಪುಣ್ಯ.

ಇನ್ನು ನನ್ನ ಕೆಲಸ. ಆಯೋಜಕರು ಒಂದು ರೋಡ್‌ಬುಕ್ ಕೊಡುತ್ತಾರೆ. ಪ್ರತಿ ಸಾಲಿನಲ್ಲೂ ಮೂರು ಮನೆ. ಮೊದಲನೆಯದರಲ್ಲಿ ದೂರ: ಶುರುವಿನಿಂದ ಎಷ್ಟು, ಹಿಂದಿನ ಗುರುತಿನಿಂದ ಎಷ್ಟು. ನಡುವಿನದರಲ್ಲಿ ಚಿಕ್ಕ ಚಿತ್ರ. ಕೆಳಗಿನ ಚುಕ್ಕಿ ನೀವು, ಬಾಣ ಹೋಗಬೇಕಾದ ಕಡೆ. ಮೂರನೆಯದರಲ್ಲಿ ಸೂಚನೆ: ಬಾವಿ, ಬೇಲಿ, ಕರೆಂಟ್ ಕಂಬ, ಹಳ್ಳ. ಅಪಾಯ ಇದ್ದರೆ ಆಶ್ಚರ್ಯಸೂಚಕ ಚಿಹ್ನೆ. ಒಂದಿದ್ದರೆ ಹುಷಾರು, ಮೂರಿದ್ದರೆ ಬಹುತೇಕ ನಿಂತೇ ಹೋಗಬೇಕು. ದಾರಿ ಪೂರ್ತಿ ಮುಗಿದ ಕಡೆ ಉತ್ತರದಿಂದ ಎಣಿಸಿದ ದಿಕ್ಕಿನ ಡಿಗ್ರಿ ಸಂಖ್ಯೆ ಮಾತ್ರ ಇರುತ್ತದೆ. ಆ ದಿಕ್ಕು ಹಿಡಿದು ಇಷ್ಟು ಕಿಲೋಮೀಟರ್ ಹೋಗು, ಅಷ್ಟೇ. ಬೆಂಗಳೂರಿನ ಬೈಕ್ ಸವಾರ ಸಿ.ಎಸ್. ಸಂತೋಷ್ 2015ರಲ್ಲಿ, ಇಂಥ ಸ್ಪರ್ಧೆಗಳಲ್ಲೇ ದೊಡ್ಡದಾದ ಡಕಾರ್ ರ‍್ಯಾಲಿಗೆ ಹೋದ ಮೊದಲ ಭಾರತೀಯ, 36ನೆಯವರಾಗಿ ಮುಗಿಸಿದರು. ಬೈಕ್ ಸವಾರರಿಗೆ ಪಕ್ಕದ ಸೀಟೇ ಇಲ್ಲವಲ್ಲ. ಓಡಿಸುತ್ತಲೇ ರೋಡ್‌ಬುಕ್ ಓದಬೇಕು. ನನಗೆ ಒಂದು ಕೆಲಸಕ್ಕೇ ಬೆವರು ಇಳಿಯಿತು.

ಮೂಡಿಗೆರೆಯಲ್ಲಿ ಇದನ್ನು ಅಭ್ಯಾಸ ಮಾಡುವುದು ಕಷ್ಟ. ಇಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ, ನಡುವೆ ಒಂದೇ ರಸ್ತೆ. ಎಲ್ಲಿ ಹೋಗಬೇಕು ಅಂತ ರಸ್ತೆಯೇ ಹೇಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹಾಸನದ ಹತ್ತಿರ ಶೆಟ್ಟಿಹಳ್ಳಿಗೆ ಹೋಗುತ್ತಿದ್ದೆ. ಹೇಮಾವತಿ ಹಿನ್ನೀರು ಇಳಿದಾಗ ಅಲ್ಲಿ ಬಯಲು ಬಯಲೇ ಸಿಗುತ್ತದೆ. ಪಾಳು ಚರ್ಚಿಗೆ ಬೆನ್ನು ಮಾಡಿ ನಿಂತು, ದಿಕ್ಸೂಚಿಯಲ್ಲಿ ಒಂದು ಡಿಗ್ರಿ ಹಿಡಿದು, ಹೆಜ್ಜೆ ಎಣಿಸುತ್ತಾ ನಡೆಯುವುದು. ಆಮೇಲೆ ಜಿಪಿಎಸ್ ತೆಗೆದು ಎಷ್ಟು ಸರಿದಿದ್ದೇನೆ ಅಂತ ನೋಡುವುದು. ಫೋಟೋ ತೆಗೆಸಿಕೊಳ್ಳಲು ಬಂದವರೆಲ್ಲ ಇವಳಿಗೇನಾಯ್ತು ಅಂತ ನೋಡುತ್ತಿದ್ದರು.

ನಡೆದು ಕಲಿತದ್ದು ಚೆನ್ನಾಗಿ ತಲೆಗೆ ಹತ್ತಿತು. 1 ಡಿಗ್ರಿ ಆಚೀಚೆಯಾದರೆ ಒಂದು ಕಿಲೋಮೀಟರಿಗೆ ಸುಮಾರು 17 ಮೀಟರ್ ಸರಿಯುತ್ತೇವೆ. 5 ಡಿಗ್ರಿ ಆದರೆ, ಮೂರು ಕಿಲೋಮೀಟರ್ ಆಚೆ 260 ಮೀಟರ್. ಗುರುತು ದಿಣ್ಣೆಯ ಹಿಂದೆ ಇದ್ದರೆ ಮುಗೀತು, ಕಾಣುವುದೇ ಇಲ್ಲ. ದಿಕ್ಸೂಚಿಯನ್ನು ಗಾಡಿಯೊಳಗೆ ಹಿಡಿಯಬಾರದು, ಕಬ್ಬಿಣ ಅದರ ಮುಳ್ಳನ್ನು ಎಳೆಯುತ್ತದೆ. ಇಳಿದು ಹತ್ತು ಹೆಜ್ಜೆ ದೂರ ಹೋಗಿ ನೋಡಬೇಕು. ಜಿಪಿಎಸ್ ತೋರಿಸುವ ದಿಕ್ಕು ಗಾಡಿ ಓಡುತ್ತಿದ್ದಾಗ ಮಾತ್ರ ನಂಬಿಕೆಗೆ ಯೋಗ್ಯ.

ಕೆಲವು ಗುರುತುಗಳ ಅಕ್ಷಾಂಶ ರೇಖಾಂಶವನ್ನು ಮೊದಲೇ ಜಿಪಿಎಸ್‌ಗೆ ಹಾಕಿಕೊಳ್ಳಬೇಕು. ಅದನ್ನು ಬರೆಯುವ ರೀತಿಯದೂ ಒಂದು ಕಾಟ. 26 ಡಿಗ್ರಿ 54.500 ನಿಮಿಷ ಅಂದರೆ 54 ನಿಮಿಷ 30 ಸೆಕೆಂಡ್. ಅದನ್ನು 50 ಸೆಕೆಂಡ್ ಅಂತ ಹೊಡೆದರೆ 600 ಮೀಟರ್ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. ಹಿಂದಿನ ರಾತ್ರಿ ಎಲ್ಲಾ ಸಂಖ್ಯೆಗಳನ್ನು ನಾನು ಓದಿ ಭಾವ ಹಾಕಿದರು, ಆಮೇಲೆ ಅವರು ಓದಿ ನಾನು ಸರಿನೋಡಿದೆ. ತೋಟದಲ್ಲಿ ವಾರದ ಬಟವಾಡೆ ಲೆಕ್ಕ ನೋಡುವುದು ನಾನೇ, ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ಮೂಡಿಗೆರೆಯಿಂದ ಜೈಸಲ್ಮೇರ್‌ಗೆ ಎರಡು ಸಾವಿರ ಕಿಲೋಮೀಟರ್ ಹತ್ತಿರ. ಹೆದ್ದಾರಿ ಪ್ರಯಾಣ, ಹೇಳುವಂಥದ್ದೇನೂ ಇಲ್ಲ. ಥಾರ್ ಅಂದರೆ ಬರೀ ಮರಳು ಅಂದುಕೊಂಡಿದ್ದೆ. ದಿಣ್ಣೆ ಇರುವುದು ಕೆಲವೇ ಕಡೆ. ಉಳಿದದ್ದು ಕಲ್ಲುನೆಲ, ಕುರುಚಲು, ಎಕ್ಕದ ಗಿಡ. ನಾವು ದಸರೆಯಲ್ಲಿ ಪೂಜೆ ಮಾಡುವ ಬನ್ನಿ ಮರ ಅಲ್ಲಿ ಹೊಲ ಹೊಲದಲ್ಲೂ ಇದೆ, ಖೇಜ್ರಿ ಅಂತಾರೆ. ದೂರದಲ್ಲಿ ಸಾಲು ಸಾಲು ಗಾಳಿಯಂತ್ರ. ಗುರುತಿಗೆ ಚೆನ್ನಾಗಿದೆ ಅನಿಸುತ್ತೆ, ಆದರೆ ಎಲ್ಲಾ ಒಂದೇ ಥರ ಕಾಣುವುದರಿಂದ ಉಪಯೋಗಕ್ಕಿಲ್ಲ.

ಬೆಳಿಗ್ಗೆ ಮರಳು ತಣ್ಣಗೆ, ಸ್ವಲ್ಪ ಗಟ್ಟಿಯಾಗಿರುತ್ತದೆ. ನೆರಳೂ ಉದ್ದ ಬೀಳುವುದರಿಂದ ದಿಣ್ಣೆಯ ಏರಿಳಿತ ಕಾಣುತ್ತದೆ. ಮಧ್ಯಾಹ್ನ ನೆರಳಿಲ್ಲ, ಎಲ್ಲಾ ಸಮತಟ್ಟು ಅನಿಸುತ್ತದೆ. ನಿಜವಾದ ಅಪಾಯ ಆಗ. ಗಾಳಿ ಬೀಸುವ ಕಡೆಯ ಮೈ ನಿಧಾನ ಏರು, ಮರಳೂ ಬಿಗಿ. ಆಚೆ ಮೈ 30 ಡಿಗ್ರಿಗೂ ಜಾಸ್ತಿ ಕಡಿದು, ಪುಡಿ ಪುಡಿ. ಏರಿದ ವೇಗದಲ್ಲೇ ನೆತ್ತಿ ದಾಟಿದರೆ ಗಾಡಿ ಹಾರಿ ಮೂತಿ ಮುಂದಾಗಿ ಬೀಳುತ್ತದೆ. ನೆತ್ತಿಯ ಆಚೆಯಿಂದ ಬರುವ ಗಾಡಿಯೂ ಕಾಣುವುದಿಲ್ಲ. ಅದಕ್ಕೆ ಗಾಡಿಯ ಮೇಲೆ ಎತ್ತರದ ಕೋಲಿಗೆ ಬಾವುಟ ಕಟ್ಟಿಸುತ್ತಾರೆ, ಆಚೆ ಕಡೆಯವರಿಗೆ ಕಾಣಲಿ ಅಂತ. ನಾನು ನೆತ್ತಿ ಬಂತು ಅಂದ ಕೂಡಲೇ ಭಾವ ಆಕ್ಸಿಲರೇಟರ್ ಬಿಡುತ್ತಿದ್ದರು. ಇಳಿಯುವಾಗ ನೇರ ಇಳಿಯಬೇಕು, ಅಡ್ಡ ತಿರುಗಿದರೆ ಉರುಳುತ್ತೆ. ನಿಲ್ಲಿಸುವುದಾದರೂ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಬೇಕು. ಬ್ರೇಕ್ ಒತ್ತದೆ, ಗಾಡಿ ತಾನೇ ನಿಲ್ಲುವಂತೆ ಬಿಟ್ಟರೆ ಚಕ್ರದ ಮುಂದೆ ಮರಳಿನ ಗುಡ್ಡೆ ಆಗುವುದಿಲ್ಲ.

ಮರಳು ನನ್ನ ಲೆಕ್ಕವನ್ನೂ ಕೆಡಿಸುತ್ತಿತ್ತು. ಚಕ್ರ ಜಾರಿ ಸುತ್ತಿದ್ದೆಲ್ಲ ಮೀಟರಿನಲ್ಲಿ ದೂರ ಅಂತ ಸೇರುತ್ತದೆ. ದಿಣ್ಣೆ ಬಳಸಿ ಹೋದದ್ದೂ ಸೇರುತ್ತದೆ. ರೋಡ್‌ಬುಕ್ಕಿನಲ್ಲಿ 12.40 ಕಿಲೋಮೀಟರ್ ಅಂತ ಇರುವ ಬಾವಿಗೆ ನಮ್ಮ ಮೀಟರ್ 12.70 ತೋರಿಸಬಹುದು. ಅದಕ್ಕೆ ಬಾವಿ, ಟಾರು ರಸ್ತೆ, ಕಂಬದ ಸಾಲು, ಏನೇ ಖಚಿತ ಗುರುತು ಸಿಕ್ಕರೂ ಅಲ್ಲಿಂದ ಮೀಟರ್ ಹೊಸದಾಗಿ ಶುರು ಮಾಡುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ಮರಳಿನ ಮೇಲಿನ ಟೈರ್ ಗುರುತು. ಅಷ್ಟು ಜನ ಹೋಗಿದ್ದಾರೆ ಅಂದ ಮೇಲೆ ಅದೇ ದಾರಿ ಅಲ್ವಾ ಅನಿಸುತ್ತೆ. ಆದರೆ ಅದು ಪ್ರವಾಸಿಗರ ಸಫಾರಿ ಜೀಪಿನದೋ, ಬೈಕಿನವರ ಬೇರೆ ಮಾರ್ಗವೋ, ನಿನ್ನೆಯದೋ ಯಾರಿಗೆ ಗೊತ್ತು? ಒಂದು ಕಡೆ ರೋಡ್‌ಬುಕ್ 295 ಡಿಗ್ರಿ ಅನ್ನುತ್ತಿತ್ತು. ಗುರುತುಗಳೆಲ್ಲ ಬಲಕ್ಕೆ ಹೊರಳಿದ್ದವು.

"ಎಲ್ಲಾ ಆ ಕಡೆ ಹೋಗಿದಾರೆ ಮಾರಾಯ್ತಿ, ನಾವೊಬ್ರೇ ಈ ಕಡೆ ಯಾಕೆ?"

"ಭಾವ, ಸ್ವಲ್ಪ ನಿಲ್ಸಿ. ಇಳಿದು ನೋಡ್ತೀನಿ."

ಇಳಿದು, ದೂರ ಹೋಗಿ, ದಿಕ್ಸೂಚಿ ಹಿಡಿದೆ. ಗುರುತುಗಳು 320ರ ಕಡೆ ಹೋಗುತ್ತಿದ್ದವು. 295ರ ನೇರಕ್ಕೆ ಒಂದು ಒಂಟಿ ಬನ್ನಿ ಮರ ಇತ್ತು. "ಆ ಮರಕ್ಕೆ ಹೋಗೋಣ" ಅಂದೆ. ಭಾವ ಗೊಣಗುತ್ತಲೇ ಹೊರಟರು. ಮರದ ಆಚೆ ಇನ್ನೊಂದು ಕಿಲೋಮೀಟರ್ ಏನೂ ಇರಲಿಲ್ಲ. ನನ್ನ ಬಾಯಿ ಒಣಗಿತ್ತು. ಆಮೇಲೆ ರೋಡ್‌ಬುಕ್ಕಿನಲ್ಲಿದ್ದ ಮುರಿದ ಬೇಲಿ ಬಂತು, ಜಿಪಿಎಸ್ ಕೂಡ ಟಿಂಯ್ ಅಂತು. ಬಲಕ್ಕೆ ಹೋಗಿದ್ದ ಗಾಡಿಗಳು ಅರ್ಧ ಗಂಟೆ ಬಿಟ್ಟು ನಮ್ಮ ಹಿಂದಿನಿಂದ ಬಂದವು. ಅಲ್ಲಿಂದ ಮುಂದೆ ಭಾವ ಡಿಗ್ರಿ ಬಗ್ಗೆ ವಾದ ಮಾಡಲಿಲ್ಲ, ಊಟದ ಬಗ್ಗೆ ಮಾತ್ರ.

ಹೂತುಕೊಳ್ಳುವುದು ಎಲ್ಲರಿಗೂ ಇದ್ದದ್ದೇ. ಚಕ್ರ ಸುಮ್ಮನೆ ಸುತ್ತತೊಡಗಿದ ಕ್ಷಣವೇ ಕಾಲು ತೆಗೆದು, ಬಂದ ಜಾಡಿನಲ್ಲೇ ರಿವರ್ಸ್ ಬರಬೇಕು. ಹೊಟ್ಟೆ ತಾಗಿದ್ದರೆ ಸಲಿಕೆ ತೆಗೆಯುವುದೇ ದಾರಿ. ಚಕ್ರದ ಮುಂದಿನ ಮರಳು ಮಾತ್ರ ತೆಗೆದರೆ ಸಾಲದು, ಆಕ್ಸಲ್ ಕೆಳಗಿನದನ್ನೂ ತೆಗೆಯಬೇಕು. ಜಾಕ್ ಕೆಳಗೆ ಹಲಗೆ ಇಡದಿದ್ದರೆ ಗಾಡಿ ಮೇಲೇಳುವ ಬದಲು ಜಾಕ್ ಒಳಗಿಳಿಯುತ್ತದೆ. ತೋಟದಿಂದ ಒಯ್ದಿದ್ದ ಸಿಲ್ವರ್ ಓಕ್ ಹಲಗೆ ನಮಗೂ, ಬೇರೆ ಇಬ್ಬರಿಗೂ ಆಯಿತು.

ಫಲಿತಾಂಶದ ಪಟ್ಟಿಯಲ್ಲಿ ನಾವು ನಡುವೆ ಎಲ್ಲೋ ಇದ್ದೆವು. ವೇಗದ ಅಂಕ ಕಮ್ಮಿ, ಆದರೆ ಒಂದು ಗುರುತೂ ಬಿಟ್ಟಿರಲಿಲ್ಲ. ಊರಿಗೆ ಬಂದ ಮೇಲೆ ಏರ್ ಫಿಲ್ಟರ್ ಬದಲಿಸಿ, ಬ್ರೇಕ್ ಡ್ರಮ್ ಬಿಚ್ಚಿ ಮರಳು ತೆಗೆಸಿದ್ದಾಯಿತು. ಮುಂದಿನ ಸಲಕ್ಕೆ ಭಾವನಿಗೆ ಅಗಲದ ಟೈರ್ ಬೇಕಂತೆ. ನನಗೆ ಜಿಪಿಎಸ್ ಮೇಲೆ ನಡೆಯುವ, ದೂರ ಅಳೆಯುವ ಟ್ರಿಪ್ ಮೀಟರ್ ಬೇಕು, ಚಕ್ರ ಜಾರಿದರೂ ಅದು ಸುಳ್ಳು ಹೇಳುವುದಿಲ್ಲ. ಎರಡಕ್ಕೂ ದುಡ್ಡಿಲ್ಲ. ಚೌಕಾಸಿ ಇನ್ನೂ ನಡೆದಿದೆ.